ಪಾಲಿಗೆ ಮುನ್ನ ಪ್ರತಿ

ಭದ್ರಾ ನಾಲೆಗೆ ನೀರು ಬಿಟ್ಟರೆಂದರೆ ತ್ಯಾವಣಿಗೆ ಸುತ್ತಮುತ್ತ ಭತ್ತದ ಬೀಜ ನೆನೆಹಾಕುವ ಕೆಲಸ ಶುರು. ನೆನೆಸಿ ಚೀಲದಲ್ಲಿ ಕಟ್ಟಿಟ್ಟ ಬೀಜ ಎರಡು-ಮೂರು ದಿನದಲ್ಲಿ ಮೊಳಕೆ ಒಡೆಯುತ್ತದೆ. ಆಗ ಬೇರಿನ ತುದಿಯಲ್ಲಿ ಜೀವಕೋಶಗಳು ಒಂದೇ ಸಮನೆ ಇಬ್ಭಾಗವಾಗುತ್ತಿರುತ್ತವೆ. ಭತ್ತದ ಕೋಶದಲ್ಲಿ ಇರುವುದು ಡಿಎನ್‌ಎ ಸುತ್ತಿಟ್ಟ 24 ವರ್ಣತಂತು. ಒಡೆದ ಮೇಲೆ ಎರಡೂ ಕೋಶಗಳಲ್ಲಿ 24 ಇರುತ್ತವೆ. ಒಡೆಯುವ ಮೊದಲೇ ಕೋಶ ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಟ್ಟುಕೊಳ್ಳುವುದರಿಂದಲೇ ಈ ಲೆಕ್ಕ ಸರಿಹೋಗುತ್ತದೆ.

ನಕಲು ಮಾಡದೆ ಒಡೆದರೆ? 24 ಇದ್ದದ್ದು 12, ಆಮೇಲೆ 6, ಆಮೇಲೆ 3. ನಷ್ಟ ಬರೀ ಸಂಖ್ಯೆಯದಲ್ಲ. ಒಂದೊಂದು ಬಗೆಯ ವರ್ಣತಂತುವಿನಲ್ಲಿರುವ ವಂಶವಾಹಿಗಳೇ ಬೇರೆ. ಒಂದು ಬಗೆ ಪೂರ್ತಿ ಕೈಬಿಟ್ಟುಹೋದರೆ ಅದರಲ್ಲಿದ್ದ ಸೂಚನೆಗಳನ್ನು ಇನ್ನೊಂದು ತುಂಬಿಕೊಡಲಾರದು.

ಭತ್ತದ ಒಂದು ಸೆಟ್ ಡಿಎನ್‌ಎ ಎಂದರೆ ಸುಮಾರು 40 ಕೋಟಿ ಅಕ್ಷರ; ಪ್ರತಿ ಕೋಶದಲ್ಲೂ ಅಂಥ ಎರಡು ಸೆಟ್. ನಕಲಿನ ವೇಳೆ ಡಿಎನ್‌ಎಯ ಎರಡೂ ಎಳೆಗಳು ಬಿಚ್ಚಿಕೊಂಡು, ಪ್ರತಿ ಎಳೆಯ ಎದುರು ಹೊಸ ಎಳೆ ಬೆಳೆಯುತ್ತದೆ: ‘ಎ’ಗೆ ‘ಟಿ’, ‘ಜಿ’ಗೆ ‘ಸಿ’. ಹೀಗಾಗಿ ಪ್ರತಿ ನಕಲಿನಲ್ಲೂ ಅರ್ಧ ಹಳೆಯದು, ಅರ್ಧ ಹೊಸದು. ಅಮೆರಿಕದ ಜೆ. ಹರ್ಬರ್ಟ್ ಟೇಲರ್ ಮತ್ತು ಸಂಗಡಿಗರು 1957ರಲ್ಲಿ ಇದನ್ನು ವರ್ಣತಂತುಗಳಲ್ಲೇ ತೋರಿಸಿದ್ದು ಒಂದು ಜಾತಿಯ ಬೀನ್ಸ್ ಗಿಡದ ಬೇರಿನ ತುದಿಯಲ್ಲಿ.

ಮೊದಲು ಒಡೆದು, ನಕಲನ್ನು ಆಮೇಲೆ ಮಾಡಿಕೊಂಡರಾಗದೇ? ಆಗದು. ಕೋಶಕ್ಕೆ ಎಣಿಸಲು ಬರುವುದಿಲ್ಲ. ಅದು ಜೋಡಿಯನ್ನು ನೋಡಿ ಹಂಚುತ್ತದೆ. ನಕಲಾಗುತ್ತಿದ್ದಂತೆಯೇ ಎರಡೂ ಪ್ರತಿಗಳನ್ನು ಕೊಹೆಸಿನ್ ಎಂಬ ಪ್ರೋಟೀನು ಸೇರಿಸಿ ಕಟ್ಟುತ್ತದೆ. ಕೋಶದ ಎರಡು ತುದಿಗಳಿಂದ ಬಂದ ನಾರುಗಳು ಜೋಡಿಯ ಒಂದೊಂದು ಪಾಲನ್ನು ಹಿಡಿದು ಎಳೆಯುತ್ತವೆ. ಎಲ್ಲ ಜೋಡಿಗಳಿಗೂ ಎರಡೂ ಕಡೆಯಿಂದ ಹಿಡಿತ ಸಿಕ್ಕ ಮೇಲೆಯೇ ಕಟ್ಟು ತುಂಡಾಗುತ್ತದೆ. ಜೋಡಿಯೇ ಇಲ್ಲದಿದ್ದರೆ ಯಾವುದು ಯಾವ ಕಡೆಗೆ ಎಂಬುದಕ್ಕೆ ಗುರುತೇ ಇರುವುದಿಲ್ಲ.

ಈ ಎಳೆದಾಟವನ್ನು ಪಿಯುಸಿ ವಿದ್ಯಾರ್ಥಿಗಳು ಈರುಳ್ಳಿ ಬೇರಿನಲ್ಲಿ ನೋಡುತ್ತಾರೆ. ಜಗಳೂರಿನ ಹೊಲದ ಈರುಳ್ಳಿಯಾದರೂ ಸರಿ, ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ, ಸೂಕ್ಷ್ಮದರ್ಶಕದಡಿ ಇಟ್ಟರೆ ನಡುಸಾಲಿನಲ್ಲಿ ನಿಂತ 16 ವರ್ಣತಂತುಗಳು ಕಾಣಸಿಗುತ್ತವೆ.

ಬೇಕೆಂದೇ ಅರ್ಧಕ್ಕಿಳಿಸುವ ಜಾಗವೂ ಒಂದಿದೆ. ಚನ್ನಗಿರಿಯ ತೋಟಗಳಲ್ಲಿ ಹಿಂಗಾರ ಬಿಡುವಾಗ ಅಡಿಕೆಯ ಪರಾಗ ತಯಾರಾಗುವುದು ಒಂದು ನಕಲು, ಎರಡು ವಿಭಜನೆಯ ಲೆಕ್ಕದಲ್ಲಿ. ಅಲ್ಲಿ 32 ವರ್ಣತಂತು 16ಕ್ಕೆ ಇಳಿಯುತ್ತದೆ. ಹೆಣ್ಣು ಹೂವಿನ ಅಂಡಕೋಶದ 16 ಸೇರಿ, ಬೀಜದ ಭ್ರೂಣದಲ್ಲಿ ಮತ್ತೆ 32 ಆಗುತ್ತದೆ.