ಹಿತ್ತಲಲ್ಲಿ ಔಟ್‌ಹೌಸು, ಬಾಗಿಲಿಗೆ ನೋಟಿಸು!

ಮೈಸೂರು: ಮಗನಿಗೆ ಮದುವೆ ಗೊತ್ತಾಯಿತು, ಇರುವ ಎರಡು ಕೋಣೆ ಸಾಲದು. ಇಲ್ಲವೇ ಯಜಮಾನರು ರಿಟೈರಾದರು, ತಿಂಗಳಿಗಿಷ್ಟು ಬಾಡಿಗೆ ಬಂದರೆ ಔಷಧಿ ಖರ್ಚಾದರೂ ಕಳೆದೀತು. ಹಿತ್ತಲಲ್ಲಿ ಒಗೆಯೋ ಕಲ್ಲು, ಒಂದು ತೆಂಗಿನಮರ ಬಿಟ್ಟರೆ ಜಾಗ ಖಾಲಿ. ಒಡವೆ ಅಡವಿಟ್ಟು, ಮೇಸ್ತ್ರಿಯನ್ನು ಕರೆಸಿ ಒಂದು ರೂಮು, ಅಡಿಗೆಮನೆ, ಬಚ್ಚಲು ಎಬ್ಬಿಸಿದರಾಯಿತು ಎಂದು ಲೆಕ್ಕ. 'ನಮ್ಮ ಸೈಟು, ನಮ್ಮ ದುಡ್ಡು, ಕೇಳೋರ್ಯಾರು?' ಎಂಬ ಧೈರ್ಯ ಬೇರೆ.

ಕೇಳೋರಿದ್ದಾರೆ. ಮಹಾನಗರಪಾಲಿಕೆ ಇರುವ ಊರಲ್ಲಿ 1976ರ ಕಾರ್ಪೊರೇಷನ್ ಕಾಯಿದೆ, ಪುರಸಭೆಯಲ್ಲಿ 1964ರ ಮುನಿಸಿಪಾಲಿಟಿ ಕಾಯಿದೆ, ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಕಾಯಿದೆ. ಮೂರೂ ಹೇಳುವುದು ಒಂದೇ: ಮೊದಲು ಪ್ಲಾನು, ಆಮೇಲೆ ಪಾಯ. ಮುಂದಿನ ಮನೆಗೆ ಹಿಂದೆಂದೋ ಲೈಸೆನ್ಸ್ ಪಡೆದಿದ್ದರೆ ಅದು ಹಿತ್ತಲ ಮನೆಗೆ ನಡೆಯದು.

ಖಾಲಿ ಬಿಟ್ಟದ್ದು ಯಾಕೆ?

ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಊರನ್ನು ಖಾಲಿ ಮಾಡಿಸಿತು. ಗಾಳಿ ಬೆಳಕಿಲ್ಲದೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಪಾಡು ಆಗ ಕಣ್ಣಿಗೆ ಬಿತ್ತು. 1903ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿ, ಅಗಲ ಬೀದಿಗಳ ಬಡಾವಣೆಗಳು ಬಂದವು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟದ್ದು ಕಸ, ಕೊಳಚೆ ಸಾಗಿಸಲಿಕ್ಕೆ. ಇವತ್ತು ಆ ಗಲ್ಲಿಗೇ ಬಚ್ಚಲು ಚಾಚಿದವರಿದ್ದಾರೆ. ಗಲ್ಲಿ ಸರ್ಕಾರಿ ಜಾಗ. ಅಲ್ಲಿ ಯಾವ ಪ್ಲಾನೂ ಪಾಸಾಗದು.

ಮೂವತ್ತು-ನಲವತ್ತರ ಸೈಟು ಅಂದರೆ 1,200 ಚದರ ಅಡಿ. ಹತ್ತು ಅಡಿಗೆ ಹನ್ನೆರಡರ ಒಂದು ರೂಮು ಹಾಕಿದರೆ 120 ಅಡಿ, ಹತ್ತರಲ್ಲಿ ಒಂದು ಪಾಲು ಹೋಯಿತು. ಸುತ್ತ ಎಷ್ಟು ಬಿಡಬೇಕು, ಒಟ್ಟು ಎಷ್ಟು ಕಟ್ಟಬಹುದು ಎಂಬುದು ಸೈಟಿನ ಅಳತೆ, ಮುಂದಿನ ರಸ್ತೆ ನೋಡಿ ತೀರ್ಮಾನವಾಗುತ್ತದೆ. ಪಕ್ಕದ ಮನೆ ಕಿಟಕಿಗೆ ಇಪ್ಪತ್ತು ವರ್ಷದಿಂದ ಅಡೆತಡೆಯಿಲ್ಲದೆ ಬೆಳಕು ಬರುತ್ತಿದ್ದರೆ, 1882ರ ಕಾಯಿದೆಯಂತೆ ಅದೂ ಹಕ್ಕೇ. ಗೋಡೆ ಏರಿಸಿ ಅದನ್ನು ಮುಚ್ಚಿದರೆ ಕೋರ್ಟು ಮೆಟ್ಟಿಲು ಹತ್ತಬೇಕಾದೀತು.

ರಸೀದಿ ಲೈಸೆನ್ಸ್ ಅಲ್ಲ

'ಕಂದಾಯ ಕಟ್ತಾ ಇದೀವಿ, ಖಾತೆ ಇದೆ' ಎನ್ನುವವರೇ ಬಹಳ. ಖಾತೆ ಎಂಬುದು ತೆರಿಗೆ ಪುಸ್ತಕದಲ್ಲಿನ ಹೆಸರು ಅಷ್ಟೆ. ಕಂದಾಯ ಕಟ್ಟಿದ್ದರಿಂದ ಅಕ್ರಮ ಗೋಡೆ ಸಕ್ರಮವಾಗದು. ಹಿಂದಿನ ಅರ್ಧ ಸೈಟನ್ನು ಒಬ್ಬ ಮಗನಿಗೆ ಬರೆದುಕೊಟ್ಟರೂ, ಯೋಜನಾ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಒಂದು ಸೈಟು ಎರಡಾಗದು.

'ಅಕ್ರಮ-ಸಕ್ರಮ ಬರುತ್ತೆ ಬಿಡಿ' ಎಂದು ಕಾದವರ ಕಥೆಯೂ ಗೊತ್ತಿರುವುದೇ. 2014ರಲ್ಲಿ ನಿಯಮ ಬಂತು, 2016ರ ಡಿಸೆಂಬರಿನಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟು ತಡೆಯಿತು. ಅದನ್ನು ನೆಚ್ಚಿ ಇಟ್ಟಿಗೆ ಇಳಿಸುವುದು ಜೂಜಾಟ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನಷ್ಟು ಬಿಗಿ ಮಾಡಿತು. ಪೂರ್ಣತಾ ಪತ್ರವೋ ವಾಸದ ಪತ್ರವೋ ತೋರಿಸಿದ ಮೇಲಷ್ಟೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಎಂದಿತು. ಹಾಗೆಂದು ಅಧಿಕಾರಿ ಏಕಾಏಕಿ ಜೆಸಿಬಿ ತರುವಂತೆಯೂ ಇಲ್ಲ. ಅದೇ ವರ್ಷ ನವೆಂಬರಿನ ತೀರ್ಪಿನಂತೆ ಕನಿಷ್ಠ 15 ದಿನದ ನೋಟಿಸು ಕೊಡಬೇಕು, ಮಾಲೀಕನ ಅಹವಾಲು ಕೇಳಬೇಕು. ರಸ್ತೆ, ಫುಟ್‌ಪಾತ್ ಒತ್ತುವರಿಗೆ ಈ ರಕ್ಷಣೆ ಇಲ್ಲ.

ಮಾಡಬೇಕಾದ್ದಿಷ್ಟು: ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಹಳೇ ಪ್ಲಾನು ಜೋಡಿಸಿಕೊಂಡು ಲೈಸೆನ್ಸ್ ಇರುವ ಎಂಜಿನಿಯರ್ ಹತ್ತಿರ ಹೋಗಿ ಸೈಟು ಅಳೆಸುವುದು. ಹಿತ್ತಲಲ್ಲಿ ಅವಕಾಶವಿಲ್ಲ ಎಂದರೆ, ಪಾಯ ತಾಳುವುದಾದರೆ ಮಹಡಿಗೆ ಅರ್ಜಿ ಹಾಕಬಹುದು.

ಪಾಲಿಕೆಗೂ ಒಂದು ಮಾತು. ಯಾವ ಅಳತೆ ಸೈಟಿಗೆ ಎಷ್ಟು ಜಾಗ ಬಿಡಬೇಕೆಂದು ಪ್ರತಿ ವಲಯ ಕಚೇರಿ ಬಾಗಿಲಲ್ಲಿ ಅಚ್ಚಗನ್ನಡದ ಬೋರ್ಡು ಬರೆಸಲಿ. ಒಡವೆ ಅಡವಿಡುವ ಮುಂಚೆ ಜನ ಅದನ್ನು ಓದಿಕೊಳ್ಳುತ್ತಾರೆ.