ಕಂಪೌಂಡಿನ ಆಚೆಗಿನ ಉಸ್ತುವಾರಿ: ಸೊಲ್ಲಾಪುರ ವಿಮಾನ ನಿಲ್ದಾಣದ ವಿಸ್ತರಣೆ ಹೇಳುವ ಪಾಠ

ಇವತ್ತು ನನಗೆ ಕೊಟ್ಟ ವಿಷಯ "ದೊಡ್ಡ ವಿಮಾನ ನಿಲ್ದಾಣ ಯೋಜನೆಯ ಮೇಲ್ವಿಚಾರಣೆ". ಈ ವಿಷಯ ಬಂದಾಗ ಸಾಮಾನ್ಯವಾಗಿ ಬೆಂಗಳೂರು, ದೆಹಲಿಯ ಉದಾಹರಣೆ ಕೊಡ್ತಾರ. ನಾನು ಅಷ್ಟು ದೂರ ಹೋಗೋದಿಲ್ಲ. ನಮ್ಮ ಅಕ್ಕಲಕೋಟದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಹೋಟಗಿ ರಸ್ತೆಯಲ್ಲಿರುವ ಸೊಲ್ಲಾಪುರ ವಿಮಾನ ನಿಲ್ದಾಣವನ್ನೇ ತಗೋತೀನಿ. ಗಾತ್ರದಲ್ಲಿ ಅದು ಚಿಕ್ಕದು, ಖರೆ. ಆದರೆ ಇಂಥ ಯೋಜನೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಹತ್ತಿರದಲ್ಲಿ ಇನ್ನೊಂದಿಲ್ಲ.

ನನ್ನ ವಾದ ಇಷ್ಟೇ: ವಿಮಾನ ನಿಲ್ದಾಣ ಯೋಜನೆಯ ಗಡಿ ಕಂಪೌಂಡ್ ಗೋಡೆ ಅಲ್ಲ. ಗೋಡೆಯೊಳಗಿನ ಕೆಲಸಕ್ಕೆ ಒಬ್ಬ ಯಜಮಾನ ಇರ್ತಾನ. ಗೋಡೆಯ ಆಚೆಗಿನ ಕೆಲಸಕ್ಕೆ ಹತ್ತು ಜನ ಇರ್ತಾರ, ಆದರೆ ಒಬ್ಬ ಯಜಮಾನನೂ ಇರೋದಿಲ್ಲ. ಯೋಜನೆ ತಡವಾಗುವುದು ಅಲ್ಲಿ. ಜನರ ಮೇಲೆ ಅದರ ಭಾರ ಬೀಳುವುದೂ ಅಲ್ಲಿಯೇ.

1. ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡೋಣ

2023ರ ಜೂನ್ 15ರಂದು ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ಕೆಡವಲಾಯಿತು. 2024ರ ಸೆಪ್ಟೆಂಬರ್ 29ರಂದು ಪ್ರಧಾನಿ ನವೀಕೃತ ವಿಮಾನ ನಿಲ್ದಾಣವನ್ನು ದೂರದಿಂದಲೇ, ವಿಡಿಯೋ ಮೂಲಕ ಉದ್ಘಾಟಿಸಿದರು. 2025ರ ಜೂನ್ 9ರಂದು ಗೋವಾ ಮಾರ್ಗದಲ್ಲಿ ಫ್ಲೈ91 ಸಂಸ್ಥೆಯ ವಿಮಾನ ಸಂಚಾರ ಶುರುವಾಯಿತು. ಮುಂಬಯಿ ವಿಮಾನ ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂತು.

ಚಿಮಣಿ ಬಿದ್ದು ಸುಮಾರು ಎರಡು ವರ್ಷಕ್ಕೆ, ಉದ್ಘಾಟನೆ ಆಗಿ ಎಂಟು ತಿಂಗಳು ದಾಟಿದ ಮೇಲೆ ಮೊದಲ ಟಿಕೆಟ್ ಪ್ರಯಾಣಿಕ ಹತ್ತಿದ. ಅಂದ್ರ, ರಿಬ್ಬನ್ ಕತ್ತರಿಸಿದ ದಿನ ನಿಲ್ದಾಣ ಮುಗಿದಂತೆ ಅಲ್ಲ. ಕಟ್ಟಡ ಸಿದ್ಧವಾದ ಮೇಲೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರವಾನಗಿ ಬೇಕು, ಭದ್ರತೆಯ ಅನುಮೋದನೆ ಬೇಕು, ಅಗ್ನಿಶಾಮಕ ದಳ ಬೇಕು, ಇಂಧನದ ವ್ಯವಸ್ಥೆ ಬೇಕು. ಕೊನೆಗೆ ವಿಮಾನ ಹಾರಿಸಲು ಒಪ್ಪುವ ಒಂದು ಕಂಪನಿ ಬೇಕು. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಹೊಸ ಟರ್ಮಿನಲ್ ಬೀಗ ಹಾಕಿದ ಮದುವೆ ಮಂಟಪದ ಹಂಗ ನಿಂತಿರ್ತದ.

ಒಂದು ಸಣ್ಣ ಲೆಕ್ಕ ಮಾಡೋಣ. ವಿಸ್ತರಣೆಯ ನಂತರ ನಿಲ್ದಾಣದ ಸಾಮರ್ಥ್ಯ ವರ್ಷಕ್ಕೆ ಸುಮಾರು 4.1 ಲಕ್ಷ ಪ್ರಯಾಣಿಕರು ಎಂದು ಸರ್ಕಾರ ಹೇಳಿದೆ. ದಿನಕ್ಕೆ ಭಾಗಿಸಿದರೆ ಬರುವವರು ಹೋಗುವವರು ಸೇರಿ ಸುಮಾರು 1,120 ಜನ. ಎಟಿಆರ್ 72 ವಿಮಾನದಲ್ಲಿ 70 ಆಸನ ಅಂತ ಹಿಡಿದರೆ, ದಿನಾ ಎಂಟು ವಿಮಾನ ತುಂಬಿ ಬಂದು, ಎಂಟು ತುಂಬಿ ಹೋಗಬೇಕು. ಈಗಿನ ಸಂಚಾರ ಅದಕ್ಕಿಂತ ಬಹಳ ಕಡಿಮೆ. ಹೀಗಾಗಿ ಸೊಲ್ಲಾಪುರದಲ್ಲಿ ಕೊರತೆ ಇದ್ದದ್ದು ಕಟ್ಟಡದ್ದಲ್ಲ. ಕೊರತೆ ಇದ್ದದ್ದು ಆಕಾಶದ್ದು.

2. ಆಕಾಶಕ್ಕೂ ಅಳತೆ ಇದೆ

"ಆಕಾಶದ ಕೊರತೆ" ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಪ್ರತಿ ರನ್‌ವೇ ಸುತ್ತ ಕಣ್ಣಿಗೆ ಕಾಣದ ಒಂದು ಬೋಗುಣಿ ಇದೆ ಎಂದು ಊಹಿಸಿಕೊಳ್ಳಿ. ಆ ಬೋಗುಣಿಯ ಮೈಯನ್ನು ಸೀಳಿ ಯಾವ ಕಟ್ಟಡವೂ, ಮರವೂ, ಗೋಪುರವೂ ಮೇಲೆ ಬರಬಾರದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ ಇಂಥ ರನ್‌ವೇಗೆ 4 ಕಿಲೋಮೀಟರ್ ತ್ರಿಜ್ಯದೊಳಗೆ ನಿಲ್ದಾಣದ ಮಟ್ಟದಿಂದ 45 ಮೀಟರ್ ಎತ್ತರದಲ್ಲಿ ಒಂದು ಸಮತಟ್ಟು ಮಿತಿ ಇರುತ್ತದೆ. ವಿಮಾನ ಇಳಿಯುವ ದಿಕ್ಕಿನಲ್ಲಿ ಮಿತಿ ಇನ್ನೂ ಬಿಗಿ. ಉಪಕರಣಗಳ ನೆರವಿನಿಂದ ಇಳಿಯುವ ರನ್‌ವೇ ಆದರೆ ಅಲ್ಲಿ 50ಕ್ಕೆ 1ರ ಇಳಿಜಾರು. ಅಂದರೆ ಇಳಿಜಾರು ಶುರುವಾಗುವ ಜಾಗದಿಂದ 1 ಕಿಲೋಮೀಟರ್ ದೂರದಲ್ಲಿ 20 ಮೀಟರ್, 2 ಕಿಲೋಮೀಟರ್ ದೂರದಲ್ಲಿ 40 ಮೀಟರ್. ಅದಕ್ಕಿಂತ ಎತ್ತರದ್ದು ಏನೇ ಇದ್ದರೂ ಅದು ಅಡ್ಡಿ.

ಸಿದ್ಧೇಶ್ವರ ಕಾರ್ಖಾನೆಯ ಚಿಮಣಿ ಸುಮಾರು 90 ಮೀಟರ್. ಕಾರ್ಖಾನೆ ಇರೋದು ವಿಮಾನ ನಿಲ್ದಾಣದ ಹತ್ತಿರವೇ. 45 ಮೀಟರ್ ಮಿತಿಗೆ ಅದು ಎರಡು ಪಟ್ಟು. ಟರ್ಮಿನಲ್‌ಗೆ ಎಷ್ಟೇ ಒಳ್ಳೆ ಗ್ರಾನೈಟ್ ಹಾಕಿದರೂ ಪೈಲಟ್‌ಗೆ ಕಾಣೋದು ಆ ಚಿಮಣಿಯೇ.

3. ಎರಡು ನಿಯಮ, ಎರಡು ದಿಕ್ಕು

ಚಿಮಣಿ ಅಷ್ಟು ಎತ್ತರ ಯಾಕಿತ್ತು ಎಂಬ ಪ್ರಶ್ನೆಯನ್ನು ಚರ್ಚೆಯಲ್ಲಿ ಯಾರೂ ಅಷ್ಟಾಗಿ ಕೇಳೋದಿಲ್ಲ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಸುಟ್ಟು, ಆ ಉಗಿಯಿಂದ ವಿದ್ಯುತ್ ಮಾಡುವ ಸಹವಿದ್ಯುತ್ ಘಟಕದ ಚಿಮಣಿ ಅದು. ಮಾಲಿನ್ಯ ನಿಯಂತ್ರಣದ ಸೂತ್ರ ಏನು ಹೇಳ್ತದ? ಬಾಯ್ಲರ್‌ನಿಂದ ಹೊರಬೀಳುವ ಧೂಳು, ಗಂಧಕ ಹೆಚ್ಚಿದಂತೆ ಚಿಮಣಿಯ ಎತ್ತರವೂ ಹೆಚ್ಚಬೇಕು, ಇಲ್ಲದಿದ್ದರೆ ಹೊಗೆ ಊರಿನ ಮೇಲೆ ಇಳಿಯುತ್ತದೆ ಅಂತ. ವಿಮಾನಯಾನದ ನಿಯಮ ಹೇಳೋದು ತದ್ವಿರುದ್ಧ: ತಗ್ಗಿಸು. ಒಂದು ಇಲಾಖೆ ಮೇಲಕ್ಕೆ ನೋಡ್ತದ, ಇನ್ನೊಂದು ಕೆಳಕ್ಕೆ. ಇಬ್ಬರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು ಯಾರ ಕೆಲಸ? ಮೇಲ್ವಿಚಾರಣೆಯ ನಿಜವಾದ ಪ್ರಶ್ನೆ ಇದು.

ಕೊನೆಗೆ ಚಿಮಣಿಯನ್ನು ಕೆಡವಿದ್ದು ವಿಮಾನ ನಿಲ್ದಾಣ ಪ್ರಾಧಿಕಾರ ಅಲ್ಲ, ಸೊಲ್ಲಾಪುರ ಮಹಾನಗರಪಾಲಿಕೆ. ಅದೂ ಅನುಮತಿ ಇಲ್ಲದ ನಿರ್ಮಾಣ ಎಂಬ ಆಧಾರದ ಮೇಲೆ. ಅದಕ್ಕೂ ಮೊದಲು ವರ್ಷಗಟ್ಟಲೆ ನೋಟೀಸು, ಕೋರ್ಟು, ಮೋರ್ಚಾ ನಡೆದವು. ಯೋಜನೆಯ ಅತಿ ಮುಖ್ಯ ಕೆಲಸ ಯೋಜನೆಯ ಹೊರಗಿನ ಒಂದು ಕಚೇರಿಯ ಕೈಲಿತ್ತು ಅನ್ನೋದನ್ನು ಗಮನಿಸಿ. ನಿರ್ವಹಣಾಶಾಸ್ತ್ರದಲ್ಲಿ ನಿರ್ಣಾಯಕ ಹಾದಿ ಅಂತೀವಲ್ರಿ, ಅಂದರೆ ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡವಾಗುತ್ತದೋ ಆ ಹಾದಿ. ಅದು ಇಲ್ಲಿ ರನ್‌ವೇ ಮೇಲಿಂದ ಹೋಗಲಿಲ್ಲ, ಸಕ್ಕರೆ ಕಾರ್ಖಾನೆಯ ಅಂಗಳದಿಂದ ಹೋಯಿತು.

4. ಕಬ್ಬು ಬೆಳೆಯುವವರ ಲೆಕ್ಕ

ನಮ್ಮ ಭಾಗಕ್ಕೆ ಇದು ಬರೀ ತಾಂತ್ರಿಕ ವಿಷಯ ಅಲ್ಲ. ಸಹಕಾರಿ ಕಾರ್ಖಾನೆ ಅಂದರೆ ಅದರ ಷೇರುದಾರರು ಕಬ್ಬು ಬೆಳೆಗಾರರೇ. ಹೊಲದಲ್ಲಿ ಕನ್ನಡ ಮಾತಾಡಿ, ಬಜಾರದಲ್ಲಿ ಮರಾಠಿ ಮಾತಾಡುವ ಮನೆತನಗಳು ಇವರಲ್ಲಿ ಬಹಳ ಅದಾವ. ಕಬ್ಬು ಕಡಿದ ಮೇಲೆ ಕಾಯುವ ಬೆಳೆ ಅಲ್ಲ. ತಡವಾದಷ್ಟು ತೂಕ ಇಳಿಯುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಹೀಗಾಗಿ ಚಿಮಣಿ ಅಂದರೆ ಇವರಿಗೆ ಬರೀ ಗೋಪುರವಲ್ಲ, ಹಂಗಾಮಿನ ಭರವಸೆ. ಈ ನಿಲ್ದಾಣದ ಬದಲು ಬೋರಾಮಣಿಯಲ್ಲಿ ಹೊಸ ನಿಲ್ದಾಣ ಮಾಡ್ರಿ ಎಂಬುದು ಅವರ ಕಡೆಯ ಒಂದು ವಾದವಾಗಿತ್ತು. ಆದರೆ ಬೋರಾಮಣಿಗೂ ತನ್ನದೇ ತೊಡಕು: ಭೂಮಿ ಸ್ವಾಧೀನವಾದರೂ ಅರಣ್ಯ ಭೂಮಿಯ ಪ್ರಶ್ನೆ, ಮಾಳಢೋಕ ಹಕ್ಕಿಯ ಅಭಯಾರಣ್ಯದ ಪ್ರಶ್ನೆ ಉಳಿದವು. ಅಲ್ಲಿಯೂ ಅಡ್ಡಿ ಗೋಡೆಯ ಆಚೆಗೇ.

ಇನ್ನೊಂದು ಕಡೆಯ ಮಾತೂ ಅಷ್ಟೇ ನ್ಯಾಯದ್ದು. ಜವಳಿಯ ಊರು, ಚಾದರದ ಊರು ಸೊಲ್ಲಾಪುರ. ಇಲ್ಲಿಯ ವ್ಯಾಪಾರಿಗೆ, ತುರ್ತು ಚಿಕಿತ್ಸೆಗೆ ಹೋಗುವ ರೋಗಿಗೆ, ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರಿಗೆ ವಿಮಾನ ಬೇಕು. ಎರಡೂ ಕಡೆ ನಮ್ಮ ಜನರೇ. ಒಂದೇ ಮನೆಯಲ್ಲಿ ಅಪ್ಪ ಕಬ್ಬು ಬೆಳೆದಿರ್ತಾರ, ಮಗಳು ದೂರದ ಊರಿನಲ್ಲಿ ಕೆಲಸ ಮಾಡ್ತಿರ್ತಾಳ.

ಹಾಗಾದರೆ ತಪ್ಪಿದ್ದೆಲ್ಲಿ? ಲಾಭ ಒಂದು ಖಾತೆಯಲ್ಲಿ, ನಷ್ಟ ಇನ್ನೊಂದು ಖಾತೆಯಲ್ಲಿ ಬರೆದದ್ದರಲ್ಲಿ. ಟರ್ಮಿನಲ್‌ನ ಖರ್ಚು ಯೋಜನೆಯ ಅಂದಾಜುಪಟ್ಟಿಯಲ್ಲಿ ಇರುತ್ತದೆ. ಚಿಮಣಿಯ ಖರ್ಚು ಸಹಕಾರಿಯ ತಲೆಯ ಮೇಲೆ, ಅಂದರೆ ರೈತರ ತಲೆಯ ಮೇಲೆ ಬೀಳುತ್ತದೆ. ಕಾನೂನಿನ ಪ್ರಕಾರ ಯಾರು ಸರಿ ಎಂಬುದನ್ನು ಕೋರ್ಟು ಹೇಳಬಹುದು. ಆದರೆ ಯೋಜನೆಯ ಪೂರ್ತಿ ಖರ್ಚು ಎಷ್ಟು ಎಂಬುದನ್ನು ಮೇಲ್ವಿಚಾರಕನೇ ಬರೆದಿಡಬೇಕು.

5. ಖಾಲಿ ನೆಲ ಇದ್ದರೆ ಸಾಕೇ?

"ಚಿಮಣಿ ಇಲ್ಲದ ಜಾಗದಲ್ಲಿ ಮಾಡಿದ್ದರೆ ಬೇಗ ಆಗ್ತಿತ್ತು" ಎಂಬ ಮಾತಿಗೆ ಪಕ್ಕದ ಕಲಬುರಗಿ ಉತ್ತರ ಕೊಡುತ್ತದೆ. ಅಲ್ಲಿ 2008ರಲ್ಲಿ ಅಡಿಗಲ್ಲು ಬಿತ್ತು. ಖಾಸಗಿ ಸಹಭಾಗಿತ್ವದಲ್ಲಿ ಶುರುವಾದ ಕೆಲಸ ಮುಂದುವರಿಯದೆ, ರಾಜ್ಯ ಸರ್ಕಾರವೇ ಅದನ್ನು ಮುಗಿಸಬೇಕಾಯಿತು. ವಿಮಾನ ಹಾರಿದ್ದು 2019ರ ನವೆಂಬರ್ 22ರಂದು. ರನ್‌ವೇ 3 ಕಿಲೋಮೀಟರ್‌ಗಿಂತ ಉದ್ದ, ಆದರೂ ಹನ್ನೊಂದು ವರ್ಷ. ಅಲ್ಲಿ ಅಡ್ಡಿಯಾದದ್ದು ಎತ್ತರವಲ್ಲ, ಹಣ ಮತ್ತು ಒಪ್ಪಂದ. ಅಡ್ಡಿಯ ರೂಪ ಬೇರೆ. ಕೆಲಸಗಳ ನಡುವಿನ ಸಂದಿಯನ್ನು ಕಾಯುವವರಿಲ್ಲದ ಕೊರತೆ ಒಂದೇ.

6. ಹಾಗಾದರೆ ಉಸ್ತುವಾರಿ ಹೇಗಿರಬೇಕು?

ನನಗೆ ತೋಚಿದ ನಾಲ್ಕು ಮಾತು ಹೇಳಿ ಮುಗಿಸ್ತೀನಿ.

ಮೊದಲನೆಯದು, ಟರ್ಮಿನಲ್‌ನ ನಕ್ಷೆಗಿಂತ ಮೊದಲು ಅಡ್ಡಿಗಳ ಸಮೀಕ್ಷೆ ಆಗಬೇಕು. ಸುತ್ತಲಿನ ಚಿಮಣಿ, ಮೊಬೈಲ್ ಟವರ್, ನೀರಿನ ಟಾಕಿ, ಬೆಳೆಯುವ ಮರ, ಎಲ್ಲದರ ಎತ್ತರ ಪಟ್ಟಿಯಾಗಬೇಕು.

ಎರಡನೆಯದು, ಎತ್ತರ ಮಿತಿಯ ಬಣ್ಣದ ನಕ್ಷೆ ಪಾಲಿಕೆಯಲ್ಲಷ್ಟೇ ಅಲ್ಲ, ಸುತ್ತಲಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ ಇರಬೇಕು, ಮರಾಠಿಯ ಜೊತೆ ಕನ್ನಡದಲ್ಲೂ. ಮನೆ ಕಟ್ಟುವವನಿಗೆ ಇಟ್ಟಿಗೆ ತರುವ ಮೊದಲೇ ನಿಯಮ ಗೊತ್ತಾಗಬೇಕು, ಕಟ್ಟಿದ ಮೇಲೆ ನೋಟೀಸಿನಿಂದ ಅಲ್ಲ.

ಮೂರನೆಯದು, ಗೋಡೆಯ ಆಚೆ ಯಾರಿಗೆ ನಷ್ಟವಾಗುತ್ತದೋ ಅವರ ಪರಿಹಾರ, ಪರ್ಯಾಯ ವ್ಯವಸ್ಥೆಯ ಖರ್ಚು ಮೂಲ ಅಂದಾಜುಪಟ್ಟಿಯಲ್ಲೇ ಒಂದು ಸಾಲಾಗಿ ಇರಬೇಕು.

ನಾಲ್ಕನೆಯದು, ಈ ಸಂದಿಗಳ ಹೊಣೆ ಹೊರುವ ಒಬ್ಬ ಅಧಿಕಾರಿ ಇರಬೇಕು, ಇಲಾಖೆಗಳನ್ನು ಕರೆಸುವ ಅಧಿಕಾರದ ಜೊತೆಗೆ.

ಪ್ರಶ್ನೋತ್ತರ

*ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ:* ಸರ್, ಈಗ ವಿಮಾನ ಹಾರ್ತಾ ಇದೆ. ಇನ್ನು ಮೇಲ್ವಿಚಾರಣೆ ಮುಗೀತು ಅನ್ನಬಹುದೇ?

ಇಲ್ರಿ. ಪ್ರಾದೇಶಿಕ ಸಂಪರ್ಕಕ್ಕಾಗಿ ಇರುವ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗದ ನಷ್ಟ ತುಂಬುವ ಸಹಾಯಧನ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೀಮಿತ. ಆಮೇಲೆ ಸೀಟು ತುಂಬದಿದ್ದರೆ ಕಂಪನಿ ವಿಮಾನ ತೆಗೆದುಕೊಂಡು ಹೋಗ್ತದ. ರನ್‌ವೇ ಇಲ್ಲೇ ಉಳೀತದ. ಯಾವ ಹೊತ್ತಿಗೆ, ಯಾವ ಊರಿಗೆ ವಿಮಾನ ಬೇಕು ಎಂಬುದನ್ನು ಈಗಿನಿಂದಲೇ ಅಳೆಯಬೇಕು.

*ಪ್ರಾಧ್ಯಾಪಕರೊಬ್ಬರ ಪ್ರಶ್ನೆ:* ಅಧಿಕಾರಿ ಒಬ್ಬರೇ ಆದರೆ ರೈತರ ಮಾತು ಇನ್ನೂ ಬೇಗ ತುಳಿದುಹೋಗುವುದಿಲ್ಲವೇ?

ಆ ಅಪಾಯ ಇದೆ, ಸರ್. ಅದಕ್ಕೇ ಮೂರನೆಯ ಮಾತಿಲ್ಲದೆ ನಾಲ್ಕನೆಯದನ್ನು ನಾನು ಒಪ್ಪೋದಿಲ್ಲ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದನ್ನು ನಾವು ಇಂದಿಗೂ ನೆನೆಯೋದು ಆ ನೀರು ಊರಿಗೆಲ್ಲ ದಕ್ಕಿತು ಅಂತ. ಸಾರ್ವಜನಿಕ ಕೆಲಸಕ್ಕೆ ಅಳತೆಗೋಲು ಅದೇ. ವಿಮಾನ ನಿಲ್ದಾಣ ಯಾರಿಗೆ ದಕ್ಕಿತು, ಅದರ ಬೆಲೆ ಯಾರು ಕೊಟ್ಟರು ಎಂಬ ಎರಡೂ ಪ್ರಶ್ನೆಗೆ ಒಂದೇ ಕಡತದಲ್ಲಿ ಉತ್ತರ ಸಿಗಬೇಕು.