ಮೇಷ್ಟ್ರ ಮುಖ ಕಾಣದ ಹತ್ತು ನಿಮಿಷದ ಪಾಠ

ಈ ಪಾಠದಲ್ಲಿ ಮೇಷ್ಟ್ರ ಮುಖ ಕಾಣುವುದಿಲ್ಲ. ಕಾಣುವುದು ಕಂಪ್ಯೂಟರಿನ ಪರದೆ ಮಾತ್ರ. ಅದರ ಮೇಲೆ ಮೌಸಿನ ಬಾಣ ಓಡಾಡುತ್ತದೆ, ಅಕ್ಷರಗಳು ಮೂಡುತ್ತವೆ. ಜೊತೆಗೆ ಒಂದು ದನಿ ಕನ್ನಡದಲ್ಲಿ ಹೇಳುತ್ತ ಹೋಗುತ್ತದೆ: ಟರ್ಮಿನಲ್ ತೆರೆಯಿರಿ, ಹೀಗೆ ಟೈಪ್ ಮಾಡಿ, ಎಂಟರ್ ಒತ್ತಿ. ಸುಮಾರು ಹತ್ತು ನಿಮಿಷಕ್ಕೆ ಪಾಠ ಮುಗಿಯಿತು. ಮುಂಬೈನ ಪೊವಾಯಿಯಲ್ಲಿರುವ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳು ಹೆಚ್ಚುಕಡಿಮೆ ಎಲ್ಲವೂ ಹೀಗೆಯೇ.

ದೂರದಿಂದ ಎಂಜಿನಿಯರಿಂಗ್ ಕಲಿಯುವುದು ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಎನ್‌ಪಿಟಿಇಎಲ್. ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಆ ಯೋಜನೆ ದೊಡ್ಡ ಪ್ರಾಧ್ಯಾಪಕರ ತರಗತಿಯನ್ನೇ ಮನೆಗೆ ತಂದಿತು. ಆದರೆ ಅದು ಉಪನ್ಯಾಸ, ಕೂತು ಕೇಳಬೇಕು. ಐಐಟಿ ಬಾಂಬೆಯ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಹಣದಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಹಿಡಿದದ್ದು ಬೇರೆ ದಾರಿ. ಕಂಪ್ಯೂಟರು ಇದೆ, ಹೇಳಿಕೊಡುವವರಿಲ್ಲ, ನೆಟ್‌ವರ್ಕ್ ಬಂದರೆ ಬಂತು ಎನ್ನುವಂಥ ಕಾಲೇಜಿನಲ್ಲೂ ನಡೆಯುವ ಪಾಠ ಅದಕ್ಕೆ ಬೇಕಿತ್ತು.

ವಿಧಾನ ಸರಳ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ಕಲಿಯಬೇಕಾದ ಸಾಫ್ಟ್‌ವೇರ್. ಒಂದು ಹೆಜ್ಜೆ ನೋಡಿ, ವಿಡಿಯೊ ನಿಲ್ಲಿಸಿ, ಅದನ್ನೇ ಪಕ್ಕದಲ್ಲಿ ಮಾಡಬೇಕು. ತಪ್ಪಿದರೆ ಹಿಂದಕ್ಕೆ ಹೋಗಬಹುದು, ಎಷ್ಟು ಸಲ ಕೇಳಿದರೂ ಆ ದನಿ ರೇಗುವುದಿಲ್ಲ. ಹತ್ತು ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿಯಲಿ, ಅವಸರವಿಲ್ಲ. ನಗೆಚಟಾಕಿ, ಉಪಕಥೆ ಒಂದೂ ಇಲ್ಲದ ಈ ಪಾಠಗಳು ಸುಮ್ಮನೆ ನೋಡುವವರಿಗೆ ಬೋರು ಹೊಡೆಸುತ್ತವೆ ಎನ್ನುವುದು ನಿಜ. ಜೊತೆಯಲ್ಲೇ ಕೈ ಆಡಿಸುವವರಿಗೆ ಮಾತ್ರ ಬೋರಾಗಲು ಪುರುಸೊತ್ತು ಸಿಗುವುದಿಲ್ಲ.

ಪಕ್ಕದಲ್ಲೇ ಮಾಡಿ ನೋಡಬೇಕೆಂದರೆ ಸಾಫ್ಟ್‌ವೇರ್ ಕಲಿಯುವವರ ಕೈಗೆ ಸಿಗಬೇಕಲ್ಲ? ಆದ್ದರಿಂದ ಇಲ್ಲಿ ಕಲಿಸುವುದು ಬಹುಪಾಲು ಉಚಿತವಾಗಿ ಸಿಗುವ ತಂತ್ರಾಂಶಗಳನ್ನೇ: ಲಿನಕ್ಸ್, ಪೈಥಾನ್, ಲಿಬ್ರೆಆಫೀಸ್, ಗಣಿತಕ್ಕೆ ಜಿಯೋಜೀಬ್ರಾ, ಅಣುಗಳ ರಚನೆ ನೋಡಲು ಜೆಮೋಲ್. ಎಂಜಿನಿಯರಿಂಗ್ ಲೆಕ್ಕಗಳಿಗೆ ದುಬಾರಿ ಮ್ಯಾಟ್‌ಲ್ಯಾಬ್ ಇರಬೇಕಾದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಸೈಲ್ಯಾಬ್. ಪಾಠಗಳನ್ನೂ ಇಳಿಸಿಕೊಂಡು, ಇಡೀ ಲ್ಯಾಬಿನ ಕಂಪ್ಯೂಟರುಗಳಿಗೆ ನಕಲು ಮಾಡಿ, ಇಂಟರ್‌ನೆಟ್ ಇಲ್ಲದೆಯೇ ನೋಡಬಹುದು. ಪೆನ್ ಡ್ರೈವಿನಲ್ಲಿ ಹಂಚಿದರೆ ಅದು ಕಳ್ಳತನವಲ್ಲ, ಪರವಾನಗಿಯೇ ಹಾಗಿದೆ. ಊರಿನ ಕಾಲೇಜಿನ ಅಧ್ಯಾಪಕರು ಕಾರ್ಯಾಗಾರ ಏರ್ಪಡಿಸಿ, ಮೇಲ್ವಿಚಾರಣೆ ನೋಡಿಕೊಂಡರೆ ಸಾಕು, ಅವರಿಗೆ ಸೈಲ್ಯಾಬ್ ಬರಬೇಕೆಂದೇನೂ ಇಲ್ಲ.

ಕನ್ನಡಿಗರು ಗಮನಿಸಬೇಕಾದ ನಿರ್ಧಾರ ಇನ್ನೊಂದಿದೆ. ಪಾಠದ ದನಿ ಕನ್ನಡ, ತಮಿಳು, ಮರಾಠಿ ಹೀಗೆ ಹಲವು ಭಾರತೀಯ ಭಾಷೆಗಳಿಗೆ ಬದಲಾಗುತ್ತದೆ. ಪರದೆಯ ಮೇಲಿನ ಬರಹ ಮಾತ್ರ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಅರ್ಥ ಮಾಡಿಕೊಂಡ ಹುಡುಗಿ ನಾಳೆ ಕೆಲಸಕ್ಕೆ ಸೇರಿದಾಗ ಎದುರಾಗುವುದು ಇಂಗ್ಲಿಷ್ ಮೆನುಗಳೇ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಭಾಷಾಭಿಮಾನಿಗಳಿಗೆ ಇದು ಅರೆಮನಸ್ಸಿನ ಕೆಲಸ ಅನ್ನಿಸಬಹುದು. ನನಗಂತೂ ಇದು ವ್ಯವಹಾರ ಬಲ್ಲವರ ಜಾಣತನವೆನಿಸುತ್ತದೆ.

ದನಿ ಬದಲಿಸುವ ಕೆಲಸವೇನೂ ಸುಲಭದ್ದಲ್ಲ. ಮೊದಲು ಇಂಗ್ಲಿಷಿನಲ್ಲಿ ಪಾಠ ಬರೆಯುತ್ತಾರೆ. ಪುಟದ ಒಂದು ಬದಿಗೆ ಪರದೆಯಲ್ಲಿ ಏನು ಕಾಣಬೇಕು, ಇನ್ನೊಂದು ಬದಿಗೆ ಏನು ಕೇಳಬೇಕು ಎಂದು. ಅದನ್ನು ವಿಷಯ ಗೊತ್ತಿಲ್ಲದ ಹೊಸಬರ ಕೈಗೆ ಕೊಟ್ಟು, ಎಲ್ಲಿ ತಡವರಿಸುತ್ತಾರೆ ಎಂದು ನೋಡಿ ತಿದ್ದುತ್ತಾರೆ. (ಪಠ್ಯಪುಸ್ತಕ ಬರೆಯುವವರೂ ಇದನ್ನು ಮಾಡಿದ್ದರೆ ನಮ್ಮ ಎಷ್ಟೋ ಮಕ್ಕಳು ವಿಜ್ಞಾನ ಬಿಡುತ್ತಿರಲಿಲ್ಲ.) ರೆಕಾರ್ಡಿಂಗ್ ಆದಮೇಲೆ ಯಾವ ಸೆಕೆಂಡಿಗೆ ಯಾವ ವಾಕ್ಯ ಎಂಬ ಪಟ್ಟಿ ಅನುವಾದಕರಿಗೆ ಸಿಗುತ್ತದೆ. ಆ ಅಳತೆಯೊಳಗೇ ಕನ್ನಡ ಕೂರಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ, ನಮ್ಮಲ್ಲಿ ಕೊನೆಗೆ. ‘ಕ್ಲಿಕ್ ಮಾಡಿ’ ಎನ್ನುವಷ್ಟರಲ್ಲಿ ಬಾಣ ಮುಂದಿನ ಮೆನುಗೆ ಹಾರಿದ್ದರೆ ಕಲಿಯುವವರು ಕಂಗಾಲು. ಹಾಗಾಗಿ ಉದ್ದದ ವಾಕ್ಯ ಮುರಿಯಬೇಕು, ಅಲಂಕಾರ ಬಿಡಬೇಕು.

ಸ್ಪೋಕನ್ ಟ್ಯುಟೋರಿಯಲ್‌ನ ಸೋದರ ಯೋಜನೆ ‘ಫೋಸಿ’ಯಲ್ಲಿ ಕಲಿತವರಿಗೇ ಕೆಲಸ ಹಚ್ಚುತ್ತಾರೆ. ಎಂಜಿನಿಯರಿಂಗ್ ಪಠ್ಯಪುಸ್ತಕ ಒಂದನ್ನು ಆರಿಸಿಕೊಂಡು, ಅದರಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನು ಸೈಲ್ಯಾಬ್‌ನಲ್ಲೋ ಪೈಥಾನ್‌ನಲ್ಲೋ ಬರೆದುಕೊಟ್ಟವರಿಗೆ ಗೌರವಧನ ಕೊಟ್ಟದ್ದುಂಟು. ಹಾಗೆ ಬರೆದ ಕೋಡ್ ಎಲ್ಲರಿಗೂ ಉಚಿತ.

ಈ ವಿಡಿಯೊ ಪಾಠಗಳಿಗೂ ತೊಡಕು ಇಲ್ಲದಿಲ್ಲ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಪರದೆಯ ಮುಖವೇ ಬದಲಾಗುತ್ತದೆ. ವಿಡಿಯೊದಲ್ಲಿ ಎಡಗಡೆ ಇದ್ದ ಗುಂಡಿ ನಿಮ್ಮ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕಲಿಯುವ ಕ್ರಮಕ್ಕೆ ಇದೇ ದೊಡ್ಡ ಪೆಟ್ಟು. ಮತ್ತೆ ರೆಕಾರ್ಡ್ ಮಾಡೋಣವೆಂದರೆ ಒಂದು ಭಾಷೆಗೆ ಮುಗಿಯುವ ಮಾತಲ್ಲ, ಅಷ್ಟೂ ಭಾಷೆಗಳ ದನಿಯನ್ನು ಹೊಸದಾಗಿ ಕೂರಿಸಬೇಕು.